ರಾಶಿ ಬಿದ್ದ ತಾಮ್ರ, ಮೂಲೆ ಸೇರಿದ ಗುದ್ದಲಿ: ಮೈನ್‌ಕ್ರಾಫ್ಟ್‌ನಲ್ಲಿ ಕಡೆಗಣಿಸಿದ ವಸ್ತುಗಳನ್ನು ದುಡಿಸಿಕೊಳ್ಳುವ ಬಗೆ

ಬ್ಲಾಕ್‌ಗಳನ್ನು ಅಗೆದು ಕಟ್ಟುವ ಮೈನ್‌ಕ್ರಾಫ್ಟ್ ಆಟದ ಒಂದೇ ಲೋಕದಲ್ಲಿ ತಿಂಗಳುಗಟ್ಟಲೆ ಆಡಿದವರ ಉಗ್ರಾಣವನ್ನು ತೆರೆದು ನೋಡಿದರೆ ಹೆಚ್ಚುಕಡಿಮೆ ಒಂದೇ ಚಿತ್ರ ಕಾಣುತ್ತದೆ. ಕಬ್ಬಿಣದ ಪೆಟ್ಟಿಗೆ ಸದಾ ತಳ ಕಂಡಿರುತ್ತದೆ, ವಜ್ರವನ್ನು ಎಣಿಸಿ ಎಣಿಸಿ ಖರ್ಚು ಮಾಡಲಾಗುತ್ತದೆ. ಆದರೆ ಕಚ್ಚಾ ತಾಮ್ರ ಎರಡು ಪೆಟ್ಟಿಗೆಗಳನ್ನು ತುಂಬಿ ಮೂರನೆಯದಕ್ಕೂ ಹರಿದಿರುತ್ತದೆ, ಅದರ ಪಕ್ಕದಲ್ಲಿ ಗೋಧಿ ಬೀಜ, ಜಲ್ಲಿಕಲ್ಲು, ಕೊಳೆತ ಮಾಂಸ, ಡಯೊರೈಟ್, ಆಂಡಿಸೈಟ್ ಎಂಬ ಕಲ್ಲುಗಳ ರಾಶಿ ಬಿದ್ದಿರುತ್ತದೆ, ಇನ್ನೆಲ್ಲೋ ಒಂದು ಮೂಲೆಯಲ್ಲಿ ಹೊಲ ಉತ್ತ ಮೇಲೆ ಯಾರೂ ಮುಟ್ಟದ ಗುದ್ದಲಿ ಇರುತ್ತದೆ. ಹಲವರು ಇವುಗಳನ್ನು ಲಾವಾಕ್ಕೆ ಎಸೆದು ಜಾಗ ಮಾಡಿಕೊಳ್ಳುತ್ತಾರೆ. ಹಾಗೆ ಎಸೆಯುವ ಮೊದಲು ಒಮ್ಮೆ ಈ ಲೇಖನದ ಕ್ರಮದಲ್ಲಿ ಪ್ರಯತ್ನಿಸಿ ನೋಡಬಹುದು.

ಈ ವಸ್ತುಗಳು ನಿರುಪಯುಕ್ತವೆಂದು ಕಾಣುವುದಕ್ಕೆ ಮುಖ್ಯ ಕಾರಣ, ನಾವು ಪ್ರತಿಯೊಂದನ್ನೂ ಒಂಟಿಯಾಗಿ ತೂಗುವುದು. ತಾಮ್ರದಿಂದ ಕತ್ತಿ ಮಾಡಿದರೆ ಅದು ವಜ್ರದ ಕತ್ತಿಗೆ ಸಾಟಿಯಾಗುವುದಿಲ್ಲ, ಬೀಜವನ್ನು ಕೋಳಿಗೆ ಹಾಕಿದರೂ ಮುಗಿಯುವುದಿಲ್ಲ. ಆದರೆ ಕತ್ತರಿಯಿಂದ ಜೇನಿನ ಎರಿ, ಎರಿಯಿಂದ ತಾಮ್ರಕ್ಕೆ ಮೇಣ, ಗುದ್ದಲಿಯಿಂದ ಪಾಚಿ, ಪಾಚಿಯಿಂದ ಗೊಬ್ಬರ ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಾಗ ಅದೇ ವಸ್ತುಗಳು ಸಾಲುವುದೇ ಇಲ್ಲ. ಮುಂದೆ ಹೇಳಿರುವ ಕೆಲಸಗಳನ್ನು ಆ ದೃಷ್ಟಿಯಿಂದಲೇ ಒಂದರ ನಂತರ ಒಂದಾಗಿ ಜೋಡಿಸಿದ್ದೇನೆ.

ಇಲ್ಲಿನ ಲೆಕ್ಕಗಳೆಲ್ಲ ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯವು. ತಾಮ್ರದ ಉಪಕರಣಗಳು ಮತ್ತು ತಾಮ್ರದ ಗೋಲೆಮ್ (ಸಾಮಾನು ಸಾಗಿಸುವ ಜೀವಂತ ಗೊಂಬೆ) 2025ರ ಸೆಪ್ಟೆಂಬರ್ 30ರಂದು ಬಂದ 1.21.9ರ ಪರಿಷ್ಕರಣೆಯಿಂದ ಲಭ್ಯವಾದವು. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಆಡುತ್ತಿರುವವರು ಆ ಎರಡು ಭಾಗಗಳನ್ನು ಬಿಟ್ಟು ಉಳಿದವನ್ನು ಅನುಸರಿಸಬಹುದು. ಮೊಬೈಲ್, ಕನ್ಸೋಲ್‌ಗಳಲ್ಲೂ ಆಡುವ ಬೆಡ್‌ರಾಕ್ ಆವೃತ್ತಿಯಲ್ಲಿ ಕೆಲವು ಅಂಕಿಗಳು ಬೇರೆಯಾಗುತ್ತವೆ, ವಿಧಾನ ಬಹುಪಾಲು ಅದೇ.

ತಾಮ್ರವನ್ನು ತರುವುದು, ಕರಗಿಸುವುದು

ತಾಮ್ರ ಆಟಕ್ಕೆ ಬಂದದ್ದು 2021ರ ಜೂನ್ 8ರ 1.17 ಆವೃತ್ತಿಯಲ್ಲಿ. ಆದ್ದರಿಂದ ಅದಕ್ಕಿಂತ ಮೊದಲೇ ಶುರುಮಾಡಿದ ಲೋಕವಾಗಿದ್ದರೆ, ಆಗಲೇ ತಿರುಗಾಡಿ ಮುಗಿಸಿದ ಪ್ರದೇಶದಲ್ಲಿ ಹುಡುಕುತ್ತ ಕೂರದೆ ಹೊಸ ದಿಕ್ಕಿಗೆ ಹೋಗಬೇಕು. ಅದಿರು ಎತ್ತರವನ್ನು ತೋರಿಸುವ ವೈ ಅಕ್ಷದ -16ರಿಂದ 112ರವರೆಗೆ ಸಿಗುತ್ತದೆ, 48ರ ಆಸುಪಾಸಿನಲ್ಲಿ ಅತಿ ಹೆಚ್ಚು. ಸುಣ್ಣದ ಕಲ್ಲು ಮೊನೆಮೊನೆಯಾಗಿ ಇಳಿಬಿದ್ದಿರುವ ಡ್ರಿಪ್‌ಸ್ಟೋನ್ ಗುಹೆಗಳಲ್ಲಿ ಅದಿರಿನ ಗೊಂಚಲುಗಳು ದೊಡ್ಡವಿರುತ್ತವೆ. ಸೊನ್ನೆಯ ಮಟ್ಟದಿಂದ ಮೇಲೆ ಗ್ರಾನೈಟ್ ಕಲ್ಲು ಅಸಹಜವಾಗಿ ಉದ್ದಕ್ಕೆ ಹರಡಿಕೊಂಡಿದ್ದು, ಅದರ ನಡುನಡುವೆ ತಾಮ್ರದ ಅದಿರು ಕಂಡರೆ ಅದು ದೊಡ್ಡ ಅದಿರಿನ ಪಟ್ಟೆಯೆಂದು ತಿಳಿಯಬೇಕು. ಅಂಥ ಒಂದು ಪಟ್ಟೆಯನ್ನು ಹಿಂಬಾಲಿಸಿದರೆ ಮತ್ತೆ ತಾಮ್ರ ಹುಡುಕುವ ಕೆಲಸ ಬಹುಕಾಲ ಇರುವುದಿಲ್ಲ. ಕಲ್ಲಿನ ಪಿಕಾಸಿ ಸಾಕು. ಒಂದು ಅದಿರು ಒಡೆದರೆ 2ರಿಂದ 5 ಕಚ್ಚಾ ತಾಮ್ರ ಬೀಳುತ್ತದೆ, ಫಾರ್ಚೂನ್ ಮಂತ್ರವಿರುವ ಪಿಕಾಸಿಯಾದರೆ ಇನ್ನೂ ಹೆಚ್ಚು.

ತಂದದ್ದನ್ನೆಲ್ಲ ಒಮ್ಮೆಲೇ ಕರಗಿಸುವ ಅಗತ್ಯವಿಲ್ಲ. ಒಂಬತ್ತು ಕಚ್ಚಾ ತಾಮ್ರ ಸೇರಿಸಿ ಒಂದು ಬ್ಲಾಕ್ ಮಾಡಿಟ್ಟರೆ ಪೆಟ್ಟಿಗೆಯ ಜಾಗ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ, ಬೇಕಾದಾಗ ಮತ್ತೆ ಬಿಡಿಸಿಕೊಳ್ಳಬಹುದು. ಒಂದು ಕಲ್ಲಿದ್ದಲು ಎಂಟು ವಸ್ತುಗಳನ್ನು ಕರಗಿಸುವುದರಿಂದ ಮೊದಲ ಕಂತಿಗೆ 64 ಕಚ್ಚಾ ತಾಮ್ರವನ್ನೂ ಎಂಟು ಕಲ್ಲಿದ್ದಲನ್ನೂ ಕುಲುಮೆಗೆ ಹಾಕಿ.

ಕುಲುಮೆಯಿಂದ ಬಂದ ಗಟ್ಟಿಗಳಲ್ಲಿ ಮೊದಲು ಹನ್ನೊಂದನ್ನು ಉಪಕರಣಗಳಿಗೆ ಎತ್ತಿಡಿ: ಪಿಕಾಸಿಗೆ ಮೂರು, ಕೊಡಲಿಗೆ ಮೂರು, ಗುದ್ದಲಿಗೆ ಎರಡು, ಕತ್ತಿಗೆ ಎರಡು, ಸಲಿಕೆಗೆ ಒಂದು. ತಾಮ್ರದ ಉಪಕರಣ 190 ಬಾರಿ ಬಳಕೆಗೆ ಬರುತ್ತದೆ. ಕಲ್ಲಿನದು 131, ಕಬ್ಬಿಣದ್ದು 250. ಅಗೆಯುವ ವೇಗವೂ ಇವೆರಡರ ನಡುವಿನದು. ತಾಮ್ರದ ಪಿಕಾಸಿ ಕಬ್ಬಿಣವನ್ನೂ ಲ್ಯಾಪಿಸ್ ಎಂಬ ನೀಲಿ ಕಲ್ಲನ್ನೂ ತೆಗೆಯಬಲ್ಲದು, ಆದರೆ ಚಿನ್ನ, ರೆಡ್‌ಸ್ಟೋನ್ (ವಿದ್ಯುತ್ತಿನಂತೆ ಸಂಕೇತ ಸಾಗಿಸುವ ಖನಿಜ), ವಜ್ರಗಳನ್ನು ಅದರಿಂದ ಒಡೆದರೆ ಏನೂ ಕೈಗೆ ಬರುವುದಿಲ್ಲವೆಂಬುದನ್ನು ಮರೆಯಬಾರದು. ಇಷ್ಟು ಕೇಳಿದವರು ಹಾಗಾದರೆ ನೇರವಾಗಿ ಕಬ್ಬಿಣಕ್ಕೇ ಹೋಗಬಹುದಲ್ಲ ಎನ್ನುತ್ತಾರೆ. ಹೋಗಬಹುದು. ಆದರೆ ಆಟದ ಮೊದಲ ದಿನಗಳಲ್ಲಿ ಕಬ್ಬಿಣದ ಐದು ಉಪಕರಣಗಳಿಗೆ ಖರ್ಚಾಗುವ ಹನ್ನೊಂದು ಗಟ್ಟಿಗಳಲ್ಲಿ, ವಸ್ತುಗಳನ್ನು ತಾನಾಗಿ ಸಾಗಿಸುವ ಎರಡು ಹಾಪರ್‌ಗಳನ್ನು ಮಾಡಬಹುದು, ಅಥವಾ ಮೂರು ಬಕೆಟ್‌ಗಳನ್ನು ಮಾಡಿ ಎರಡು ಗಟ್ಟಿಗಳನ್ನು ಕತ್ತರಿಗೆ ಉಳಿಸಿಕೊಳ್ಳಬಹುದು. ಹಾಪರ್‌ಗೂ ಬಕೆಟ್‌ಗೂ ತಾಮ್ರ ಒಗ್ಗುವುದಿಲ್ಲ, ಪಿಕಾಸಿಗೆ ಒಗ್ಗುತ್ತದೆ. ಆದ್ದರಿಂದ ಒಗ್ಗುವ ಕಡೆ ತಾಮ್ರ, ಕಬ್ಬಿಣವೇ ಆಗಬೇಕಾದ ಕಡೆ ಕಬ್ಬಿಣ.

ಮನೆ ಕಟ್ಟುವವರು ಇನ್ನೊಂದು ವಿಷಯ ಗಮನಿಸಬೇಕು. ತಾಮ್ರದ ಬ್ಲಾಕನ್ನು ಸ್ಟೋನ್‌ಕಟರ್‌ಗೆ ಹಾಕಿದರೆ ಒಂದು ಬ್ಲಾಕಿಗೆ ನಾಲ್ಕು ಕತ್ತರಿಸಿದ ತಾಮ್ರದ ಬ್ಲಾಕ್‌ಗಳು, ನಾಲ್ಕು ಮೆಟ್ಟಿಲು ಅಥವಾ ಎಂಟು ಚಪ್ಪಡಿಗಳು ಸಿಗುತ್ತವೆ. ಮೂರು ಕಲ್ಲು, ಒಂದು ಕಬ್ಬಿಣದ ಗಟ್ಟಿಯಲ್ಲಿ ಆಗುವ ಈ ಯಂತ್ರವನ್ನು ಮೊದಲು ಮಾಡಿಕೊಳ್ಳದೆ ತಾಮ್ರದ ಛಾವಣಿಗೆ ಕೈಹಾಕುವುದು ದುಂದುವೆಚ್ಚ.

ಕಿಲುಬು, ಮೇಣ ಮತ್ತು ಕೊಡಲಿ

ಹಿತ್ತಲಿನ ತಾಮ್ರದ ಹಂಡೆಗೆ ಕಿಲುಬು ಹಿಡಿಯುವಂತೆ ಆಟದ ತಾಮ್ರಕ್ಕೂ ಹಿಡಿಯುತ್ತದೆ. ಹೊಳೆಯುವ ಕೆಂಪಿನಿಂದ ಪೂರ್ಣ ಹಸಿರಿನವರೆಗೆ ನಾಲ್ಕು ಹಂತಗಳಿವೆ, ಒಂದೊಂದು ಹಂತ ಇಳಿಯಲು ಆಟದೊಳಗಿನ ಹತ್ತಾರು ದಿನಗಳು ಬೇಕು. ಹಂಡೆಗೆ ನಾವು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ; ಇಲ್ಲಿ ಆ ಕೆಲಸವನ್ನು ಕೊಡಲಿ ಮಾಡುತ್ತದೆ. ಕೊಡಲಿ ಹಿಡಿದು ಬ್ಲಾಕಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿದರೆ ಒಂದು ಹಂತದ ಕಿಲುಬು ಉದುರುತ್ತದೆ.

ಬಣ್ಣ ಇದ್ದ ಹಾಗೇ ಉಳಿಯಬೇಕಾದರೆ ಮೇಣ ಹಚ್ಚಬೇಕು, ಮೇಣಕ್ಕೆ ಜೇನಿನ ಎರಿ ಬೇಕು. ಇಲ್ಲಿ ಬಹಳ ಮಂದಿ ಕುರಿಯ ಉಣ್ಣೆಗೆ ಮಾತ್ರ ಎಂದುಕೊಂಡಿರುವ ಕತ್ತರಿ ಪ್ರವೇಶಿಸುತ್ತದೆ. ಮೊದಲು ಜೇನುಗೂಡಿನ ಕೆಳಗೆ ಕ್ಯಾಂಪ್‌ಫೈರ್ ಇಟ್ಟು ಹೊಗೆ ಗೂಡಿಗೆ ತಾಗುವಂತೆ ಮಾಡಿ. ಹೊಗೆಯಿದ್ದರೆ ಜೇನುಹುಳುಗಳು ಸಿಟ್ಟಿಗೇಳುವುದಿಲ್ಲ. ಗೂಡಿನಿಂದ ಜೇನು ತೊಟ್ಟಿಕ್ಕಲು ಆರಂಭಿಸುವವರೆಗೆ ಕಾಯ್ದು ಕತ್ತರಿಯನ್ನು ಬಳಸಿದರೆ ಮೂರು ಎರಿಗಳು ಬೀಳುತ್ತವೆ. ಆ ಮೂರು ಎರಿ ಮತ್ತು ಆರು ಹಲಗೆಗಳಿಂದ ಸ್ವಂತ ಜೇನುಪೆಟ್ಟಿಗೆ ಮಾಡಿ ಮನೆಯ ಹತ್ತಿರ ಇಟ್ಟುಕೊಳ್ಳುವುದು ಮುಂದಿನ ಹೆಜ್ಜೆ. ಪೆಟ್ಟಿಗೆಗಳು ನಾಲ್ಕೈದು ಆದ ಮೇಲೆ ಪ್ರತಿಯೊಂದರ ಮುಂದೆ, ಸಂಕೇತ ಬಂದಾಗ ಒಳಗಿನ ವಸ್ತುವನ್ನು ತಾನೇ ಬಳಸುವ ಡಿಸ್ಪೆನ್ಸರ್ ಇಟ್ಟು ಅದರೊಳಗೆ ಕತ್ತರಿ ಹಾಕಿದರೆ, ಡಿಸ್ಪೆನ್ಸರ್ ಕತ್ತರಿಸುವುದಕ್ಕೆ ಹುಳುಗಳು ಸಿಟ್ಟಾಗುವುದೇ ಇಲ್ಲವಾದ್ದರಿಂದ ಬೆಂಕಿಯ ಉಸಾಬರಿಯೂ ತಪ್ಪುತ್ತದೆ.

ಹಸಿರು ಛಾವಣಿಯೇ ಬೇಕೆನ್ನುವವರು ಬ್ಲಾಕ್‌ಗಳನ್ನು ಒತ್ತೊತ್ತಾಗಿ ಪೇರಿಸಿ ಕಾಯಬಾರದು. ಹತ್ತಿರದಲ್ಲಿ ತನಗಿಂತ ಹೊಸದಾದ ತಾಮ್ರ ಇದ್ದರೆ ಬ್ಲಾಕಿನ ಕಿಲುಬು ಮುಂದುವರಿಯದಂತೆ ಆಟ ತಡೆಯುತ್ತದೆ, ಈ ತಡೆ ನಾಲ್ಕು ಬ್ಲಾಕಿನ ದೂರದವರೆಗೆ ಇರುತ್ತದೆ. ಆದ್ದರಿಂದ ಬಯಲಿನಲ್ಲಿ ಐದೈದು ಬ್ಲಾಕಿಗೆ ಒಂದರಂತೆ ಬಿಡಿಬಿಡಿಯಾಗಿ ನೆಟ್ಟು, ಬೇಕಾದ ಬಣ್ಣಕ್ಕೆ ಬಂದವನ್ನು ಕಿತ್ತು ಮೇಣ ಹಚ್ಚಿ ಕಟ್ಟಡಕ್ಕೆ ಒಯ್ಯಬೇಕು. ಮಳೆ ಬಿದ್ದರೆ ಬೇಗ ಕಿಲುಬು ಹಿಡಿಯುತ್ತದೆಂಬುದು ಆಟದ ಮಟ್ಟಿಗೆ ಸುಳ್ಳು. ನೀರಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ನೀವು ಆ ಪ್ರದೇಶದ ಹತ್ತಿರವೇ ಇರಬೇಕು, ದೂರ ಹೋದರೆ ಅಲ್ಲಿ ಕಾಲವೇ ನಿಂತಿರುತ್ತದೆ.

ಉಗ್ರಾಣಕ್ಕೊಬ್ಬ ಆಳು

ತಾಮ್ರಕ್ಕೆ ಇದುವರೆಗೆ ಸಿಕ್ಕ ಉಪಯೋಗಗಳಲ್ಲಿ ತಾಮ್ರದ ಗೋಲೆಮ್‌ಗಿಂತ ದೊಡ್ಡದು ಇಲ್ಲ ಎಂಬುದು ನನ್ನ ಅಭಿಪ್ರಾಯ. ವಸ್ತುಗಳನ್ನು ತಾನಾಗಿ ವಿಂಗಡಿಸುವ ಹಾಪರ್ ವ್ಯವಸ್ಥೆಯಲ್ಲಿ ಪ್ರತಿಯೊಂದು ವಸ್ತುವಿಗೂ ಬೇರೆಬೇರೆ ಹಾಪರ್‌ಗಳು, ಕಂಪ್ಯಾರೇಟರ್, ರಿಪೀಟರ್ ಎಂಬ ರೆಡ್‌ಸ್ಟೋನ್ ಭಾಗಗಳು ಬೇಕು, ಒಂದು ಹಾಪರ್‌ಗೇ ಐದು ಗಟ್ಟಿ ಕಬ್ಬಿಣ ಹೋಗುತ್ತದೆ. ಇಲ್ಲಿ ಒಂಬತ್ತು ಗಟ್ಟಿ ತಾಮ್ರ ಮತ್ತು ಒಂದು ಕುಂಬಳಕಾಯಿ ಸಾಕು.

ಕುಂಬಳಕಾಯಿಯನ್ನು ನೆಲದ ಮೇಲಿಟ್ಟು ಕತ್ತರಿಯಿಂದ ಮುಖ ಕೆತ್ತಿ ಕಿತ್ತುಕೊಳ್ಳಿ. ಉಗ್ರಾಣದ ನಡುವೆ, ತಂದ ಸಾಮಾನು ಸುರಿಯಲು ಅನುಕೂಲವಾದ ಜಾಗದಲ್ಲಿ, ತಾಮ್ರದ ಬ್ಲಾಕನ್ನು ಇಡಿ. ಈ ಜಾಗವನ್ನು ಯೋಚಿಸಿ ಆರಿಸಬೇಕು, ಏಕೆಂದರೆ ಕುಂಬಳಕಾಯಿಯನ್ನು ಮೇಲಿಟ್ಟ ಕ್ಷಣ ಗೋಲೆಮ್ ಹುಟ್ಟಿಕೊಂಡು, ಕೆಳಗಿನ ಬ್ಲಾಕ್ ತಾಮ್ರದ ಪೆಟ್ಟಿಗೆಯಾಗಿ ಅಲ್ಲೇ ಉಳಿಯುತ್ತದೆ. ಇನ್ನಷ್ಟು ತಾಮ್ರದ ಪೆಟ್ಟಿಗೆಗಳು ಬೇಕಾದರೆ ಸಾಮಾನ್ಯ ಪೆಟ್ಟಿಗೆಯ ಸುತ್ತ ಎಂಟು ಗಟ್ಟಿಗಳನ್ನು ಇಟ್ಟು ಮಾಡಿಕೊಳ್ಳಬಹುದು.

ಗೋಲೆಮ್ ಮಾಡುವ ಕೆಲಸ ಇಷ್ಟೇ: ತಾಮ್ರದ ಪೆಟ್ಟಿಗೆಯಿಂದ ಒಂದು ಬಗೆಯ ವಸ್ತುವನ್ನು ಒಮ್ಮೆಗೆ ಹೆಚ್ಚೆಂದರೆ ಹದಿನಾರರಂತೆ ತೆಗೆದುಕೊಂಡು ಹೊರಡುತ್ತದೆ, ಅದೇ ವಸ್ತು ಆಗಲೇ ಇರುವ ಅಥವಾ ಪೂರ್ತಿ ಖಾಲಿಯಿರುವ ಮರದ ಪೆಟ್ಟಿಗೆಯನ್ನು ಹುಡುಕಿ ಅಲ್ಲಿ ಇಟ್ಟು ಬರುತ್ತದೆ. ಅಡ್ಡಲಾಗಿ 32 ಬ್ಲಾಕ್, ಎತ್ತರದಲ್ಲಿ 8 ಬ್ಲಾಕ್ ಅದರ ವ್ಯಾಪ್ತಿ. ಬ್ಯಾರೆಲ್‌ಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಸ್ವಭಾವವನ್ನು ಅರಿತವರು ಉಗ್ರಾಣವನ್ನು ಅದಕ್ಕೆ ತಕ್ಕಂತೆ ಸಜ್ಜುಗೊಳಿಸಬೇಕು. ಪ್ರತಿಯೊಂದು ಪೆಟ್ಟಿಗೆಯಲ್ಲೂ ಅಲ್ಲಿ ಇರಬೇಕಾದ ವಸ್ತುವಿನ ಒಂದು ಮಾದರಿಯನ್ನು ನೀವೇ ಮೊದಲು ಇಟ್ಟುಬಿಡಿ. ಹಾಗೆ ಮಾಡದೆ ಎಲ್ಲ ಪೆಟ್ಟಿಗೆಗಳನ್ನೂ ಖಾಲಿ ಬಿಟ್ಟರೆ, ಮೊದಲ ಪೆಟ್ಟಿಗೆಗೆ ಅದು ಯಾವುದನ್ನು ಹಾಕುತ್ತದೋ ಅದೇ ಆ ಪೆಟ್ಟಿಗೆಯ ಹಣೆಬರಹವಾಗುತ್ತದೆ. ಎರಡು ಮೂರು ಪೆಟ್ಟಿಗೆಗಳನ್ನು ಚಿಲ್ಲರೆ ಸಾಮಾನಿಗೆಂದು ಖಾಲಿ ಇಟ್ಟು ವಾರಕ್ಕೊಮ್ಮೆ ತೆರವು ಮಾಡುತ್ತಿರಿ. ಒಂದು ಸುತ್ತಿನಲ್ಲಿ ಅದು ಹತ್ತು ಪೆಟ್ಟಿಗೆಗಳನ್ನು ಮಾತ್ರ ತೆರೆದು ನೋಡಿ, ಸಿಗದಿದ್ದರೆ ತುಸು ಸುಧಾರಿಸಿಕೊಂಡು ಮತ್ತೆ ಆರಂಭಿಸುತ್ತದೆ; ಹೀಗಾಗಿ ನಲವತ್ತು ಪೆಟ್ಟಿಗೆಗಳ ದೊಡ್ಡ ಹಜಾರಕ್ಕೆ ಒಬ್ಬನೇ ಆಳು ಸಾಲುವುದಿಲ್ಲ, ಧಾನ್ಯಕ್ಕೆ ಒಂದು ಕೋಣೆ ಕಲ್ಲಿಗೆ ಇನ್ನೊಂದು ಕೋಣೆ ಎಂದು ಒಡೆದು, ಒಂದೊಂದಕ್ಕೂ ಒಂದು ಗೋಲೆಮ್ ಇಡುವುದು ಲೇಸು. ವೇಗದಲ್ಲಿ ಹಾಪರ್ ವ್ಯವಸ್ಥೆಯೇ ಮುಂದು, ಅದನ್ನು ಒಪ್ಪಲೇಬೇಕು. ಆದರೆ ಮನೆಬಳಕೆಯ ಉಗ್ರಾಣಕ್ಕೆ ಆ ವೇಗ ಯಾರಿಗೆ ಬೇಕು?

ಗೋಲೆಮ್‌ಗೂ ಕಿಲುಬು ಹಿಡಿಯುತ್ತದೆ, ಪೂರ್ತಿ ಹಿಡಿದ ಮೇಲೆ ವಿಗ್ರಹವಾಗಿ ನಿಂತುಬಿಡುತ್ತದೆ. ಹುಟ್ಟಿದ ದಿನವೇ ಒಂದು ಎರಿಯಿಂದ ಮೇಣ ಹಚ್ಚಿಬಿಟ್ಟರೆ ಆ ಚಿಂತೆ ಇಲ್ಲ. ಮರೆತು ವಿಗ್ರಹವಾದದ್ದನ್ನು ಕೊಡಲಿಯಿಂದ ಕೆರೆದು ಎಬ್ಬಿಸಬಹುದು.

ಒಂದೇ ಗುಂಡಿಯ ದೀಪ, ಮತ್ತು ಸಿಡಿಲಿಗೊಂದು ಕಂಬ

2024ರ ಜೂನ್ 13ರಂದು ಬಂದ 1.21 ಆವೃತ್ತಿಯಲ್ಲಿ ತಾಮ್ರದ ಬಲ್ಬ್ ಸೇರಿತು. ಮೂರು ತಾಮ್ರದ ಬ್ಲಾಕ್, ಒಂದು ಬ್ಲೇಜ್ ಕೋಲು, ಒಂದು ಚಿಟಿಕೆ ರೆಡ್‌ಸ್ಟೋನ್ ಪುಡಿಯಿಂದ ನಾಲ್ಕು ಬಲ್ಬ್‌ಗಳಾಗುತ್ತವೆ. ನೋಡಲು ದೀಪವಾದರೂ ಇದರ ನಿಜವಾದ ಬೆಲೆ ಇರುವುದು ನೆನಪಿನ ಶಕ್ತಿಯಲ್ಲಿ. ಹಳೆಯ ರೆಡ್‌ಸ್ಟೋನ್ ದೀಪ ವಿದ್ಯುತ್ತು ಇರುವವರೆಗೆ ಮಾತ್ರ ಉರಿಯುತ್ತದೆ. ಬಲ್ಬ್ ಒಂದು ಬಾರಿ ಸಂಕೇತ ಬಂದರೆ ಹೊತ್ತಿಕೊಂಡು ಹಾಗೆಯೇ ಉಳಿಯುತ್ತದೆ, ಇನ್ನೊಂದು ಬಾರಿ ಬಂದರೆ ಆರುತ್ತದೆ. ಬಲ್ಬ್ ಪಕ್ಕ ಒಂದು ಕಲ್ಲಿನ ಗುಂಡಿ ಇಟ್ಟರೆ ನಮ್ಮ ಮನೆಗಳ ಸ್ವಿಚ್ಚಿನಂತೆಯೇ ಕೆಲಸ ನಡೆಯುತ್ತದೆ. ಬಲ್ಬಿನ ಹಿಂದೆ ಕಂಪ್ಯಾರೇಟರ್ ಜೋಡಿಸಿದರೆ ದೀಪ ಉರಿಯುತ್ತಿರುವಾಗ 15ರ ಬಲದ ಸಂಕೇತ ಸಿಗುತ್ತದೆ, ಆರಿದಾಗ ಸೊನ್ನೆ. ಅದನ್ನು ಪಿಸ್ಟನ್ ಬಾಗಿಲಿಗೆ ಕೊಟ್ಟರೆ ಒಂದೇ ಗುಂಡಿಯಿಂದ ಬಾಗಿಲು ತೆಗೆಯುವ, ಮತ್ತೆ ಅದೇ ಗುಂಡಿಯಿಂದ ಮುಚ್ಚುವ ವ್ಯವಸ್ಥೆ ಸಿದ್ಧ. ಇದೇ ಕೆಲಸಕ್ಕೆ ಹಿಂದೆ ರೆಡ್‌ಸ್ಟೋನ್‌ನ ಏಳೆಂಟು ಭಾಗಗಳನ್ನು ಗೋಡೆಯ ಹಿಂದೆ ಅಡಗಿಸಬೇಕಾಗುತ್ತಿತ್ತು.

ಕಿಲುಬಿನ ಹಂತ ಏರಿದಂತೆ ಬಲ್ಬಿನ ಬೆಳಕು 15ರಿಂದ 12ಕ್ಕೆ, 8ಕ್ಕೆ, ಕೊನೆಗೆ 4ಕ್ಕೆ ಇಳಿಯುತ್ತದೆ, ಕಂಪ್ಯಾರೇಟರ್ ಸಂಕೇತ ಮಾತ್ರ ಬದಲಾಗುವುದಿಲ್ಲ. ಮಂದ ಬೆಳಕನ್ನು ದೋಷವೆಂದು ಎಣಿಸಬೇಕಾಗಿಲ್ಲ. 1.18 ಆವೃತ್ತಿಯ ನಂತರ ರಾಕ್ಷಸ ಜೀವಿಗಳು ದೀಪದ ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ ಹುಟ್ಟುವುದರಿಂದ, ಹಸಿರುಗಟ್ಟಿದ ಬಲ್ಬ್ ಕೂಡ ತನ್ನ ಸುತ್ತಲಿನ ಮೂರು ಬ್ಲಾಕಿನಷ್ಟು ಜಾಗವನ್ನು ಕಾಯುತ್ತದೆ; ಹಳೆಯ ದೇಗುಲದಂಥ ಕಟ್ಟಡಕ್ಕೆ ಅದೇ ಚೆನ್ನ.

ಮೂರು ಗಟ್ಟಿಗಳ ಮಿಂಚುವಾಹಕ ಜಾವಾ ಆವೃತ್ತಿಯಲ್ಲಿ 128 ಬ್ಲಾಕ್ ದೂರದೊಳಗಿನ ಸಿಡಿಲನ್ನು ತನ್ನತ್ತ ಸೆಳೆಯುತ್ತದೆ. ಬೆಡ್‌ರಾಕ್‌ನಲ್ಲಿ ಈ ದೂರ 64. ಮೇಲೆ ಆಕಾಶ ಬಿಟ್ಟರೆ ಬೇರೇನೂ ಇರಬಾರದು, ಮರದ ಛಾವಣಿಗೆ ಅಂಟಿಸದೆ ಪಕ್ಕದಲ್ಲಿ ಕಲ್ಲಿನ ಕಂಬ ಎಬ್ಬಿಸಿ ಅದರ ತುದಿಗೆ ಇಡುವುದು ಕ್ಷೇಮ. ಸಿಡಿಲು ಬಡಿದ ಹಳ್ಳಿಗ ಮಾಟಗಾತಿಯಾಗಿ ಬದಲಾಗುತ್ತಾನೆ. ಒಳ್ಳೆಯ ದರಕ್ಕೆ ಪುಸ್ತಕ ಮಾರುತ್ತಿದ್ದ ಲೈಬ್ರರಿಯನ್ ಹೀಗೆ ಕೈತಪ್ಪಿದರೆ ಆಗುವ ಹೊಟ್ಟೆಯುರಿಗೆ ಹೋಲಿಸಿದರೆ ಮೂರು ಗಟ್ಟಿ ತಾಮ್ರ ಏನೂ ಅಲ್ಲ.

ಗುದ್ದಲಿಯ ಎರಡನೆಯ ಜನ್ಮ

2020ರ ಜೂನ್ 23ರ 1.16 ಆವೃತ್ತಿಯವರೆಗೂ ಗುದ್ದಲಿಗೆ ಹೊಲ ಉಳುವುದರ ಹೊರತು ಕೆಲಸವಿರಲಿಲ್ಲ, ಅದಕ್ಕೆ ವಜ್ರ ಹಾಕುವವರನ್ನು ನೋಡಿ ನಗುತ್ತಿದ್ದರು. ಆ ಆವೃತ್ತಿಯಿಂದ ಎಲೆ, ಹುಲ್ಲಿನ ಹೊರೆ, ಸ್ಪಂಜು, ನೆದರ್ ಎಂಬ ಪಾತಾಳಲೋಕದ ವಾರ್ಟ್ ಬ್ಲಾಕ್, ಶ್ರೂಮ್‌ಲೈಟ್, ಮತ್ತು ಆಮೇಲೆ ಬಂದ ಪಾಚಿ, ಆಳದ ಗುಹೆಗಳ ಸ್ಕಲ್ಕ್ ಮುಂತಾದವುಗಳಿಗೆಲ್ಲ ಗುದ್ದಲಿಯೇ ಸರಿಯಾದ ಉಪಕರಣ. ಆದರೂ ಹಳೆಯ ಅಭ್ಯಾಸ ಹೋಗಿಲ್ಲ. ಮರ ಕಡಿದು ಎಲೆಗಳನ್ನು ಕೈಯಿಂದಲೇ ಒಂದೊಂದಾಗಿ ತರಿಯುವವರು ಇಂದಿಗೂ ಇದ್ದಾರೆ.

ಹೀಗೆ ಮಾಡಿ. ವಜ್ರದ ಒಂದು ಗುದ್ದಲಿಯನ್ನು ಮಾಡಿಕೊಂಡು, ಅದಕ್ಕೆ ಫಾರ್ಚೂನ್, ಅನ್‌ಬ್ರೇಕಿಂಗ್, ಮೆಂಡಿಂಗ್ ಈ ಮೂರು ಮಂತ್ರಗಳನ್ನು ಸೇರಿಸಿ. ವಜ್ರದ ಗುದ್ದಲಿಗೆ ಎಲೆಗಳು ಮುಟ್ಟಿದ ಕ್ಷಣಕ್ಕೆ ಉದುರುತ್ತವೆ, ಫಾರ್ಚೂನ್ ಇರುವುದರಿಂದ ಸಸಿಗಳೂ ಸೇಬುಗಳೂ ಹೆಚ್ಚು ಸಿಗುತ್ತವೆ. ಇದೇ ಗುದ್ದಲಿಯಿಂದ ಬಲಿತ ಕ್ಯಾರೆಟ್, ಆಲೂಗಡ್ಡೆ, ನೆದರ್ ವಾರ್ಟ್‌ಗಳನ್ನು ಕೊಯ್ದರೆ ಇಳುವರಿ ಏರುತ್ತದೆ. ಬೆಳೆಗಳು ತಕ್ಷಣ ಮುರಿಯುವ ವಸ್ತುಗಳಾದ್ದರಿಂದ ಆ ಕೊಯ್ಲಿಗೆ ಗುದ್ದಲಿ ಸವೆಯುವುದೂ ಇಲ್ಲ. ಹೊಲದ ಮಟ್ಟಿಗೆ ಈ ಒಂದು ಸಂಗತಿಯನ್ನು ತಿಳಿದವರು ಮತ್ತೆ ಬರಿಗೈಯಲ್ಲಿ ಕೊಯ್ಲು ಮಾಡಲಾರರು.

ಸ್ಕಲ್ಕ್ ವಿಷಯದಲ್ಲಿ ಲೆಕ್ಕ ಇನ್ನೂ ಸೊಗಸಾಗಿದೆ. ಒಂದು ಸ್ಕಲ್ಕ್ ಬ್ಲಾಕ್ ಒಡೆದರೆ ಒಂದು ಅನುಭವ ಅಂಕ ಸಿಗುತ್ತದೆ, ಮೆಂಡಿಂಗ್ ಮಂತ್ರ ಒಂದು ಅಂಕಕ್ಕೆ ಎರಡು ಸವೆತವನ್ನು ಸರಿಪಡಿಸುತ್ತದೆ. ಒಂದು ಬ್ಲಾಕಿಗೆ ಸವೆಯುವುದು ಒಂದು, ಮರಳುವುದು ಎರಡು; ಅಂದರೆ ಅಗೆದಷ್ಟೂ ಗುದ್ದಲಿ ಹೊಸದಾಗುತ್ತದೆ. ಆದರೆ ಆಳದ ಕತ್ತಲ ಪ್ರದೇಶದಲ್ಲಿ ಸ್ಕಲ್ಕ್ ಜೊತೆಗೆ ಸದ್ದು ಹಿಡಿಯುವ ಸೆನ್ಸರ್‌ಗಳೂ ಕಿರುಚುವ ಶ್ರೀಕರ್‌ಗಳೂ ಇರುತ್ತವೆ, ಬ್ಲಾಕ್ ಒಡೆದ ಸದ್ದು ಎಂಟು ಬ್ಲಾಕ್ ದೂರದ ಸೆನ್ಸರ್‌ಗೆ ಕೇಳಿಸುತ್ತದೆ, ಅದು ಮುಂದುವರಿದರೆ ವಾರ್ಡನ್ ಎಂಬ ಭಯಂಕರ ರಾಕ್ಷಸ ಏಳುತ್ತಾನೆ. ಅಲ್ಲಿ ಆಸೆ ಪಡುವುದಕ್ಕಿಂತ ಬ್ಲಾಕನ್ನು ಇದ್ದ ಹಾಗೇ ಕೀಳುವ ಸಿಲ್ಕ್ ಟಚ್ ಮಂತ್ರ ಇರುವ ಇನ್ನೊಂದು ಗುದ್ದಲಿಯಿಂದ ಸ್ಕಲ್ಕ್ ಕ್ಯಾಟಲಿಸ್ಟ್ ಒಂದನ್ನು ಕಿತ್ತು ಮನೆಗೆ ತರುವುದು ಜಾಣತನ. ಜೀವಿಗಳು ಸಾಯುವ ಜಾಗದ ಎಂಟು ಬ್ಲಾಕ್ ಒಳಗೆ ಅದನ್ನು ಇಟ್ಟರೆ ಅವುಗಳ ಅನುಭವ ಅಂಕ ನೆಲದಲ್ಲಿ ಸ್ಕಲ್ಕ್ ಆಗಿ ಹರಡಿಕೊಳ್ಳುತ್ತದೆ, ಬೇಕಾದಾಗ ಬಂದು ಅಗೆದುಕೊಳ್ಳಬಹುದು. ಹೀಗೆ ಬೆಳೆದ ಸ್ಕಲ್ಕ್‌ನಲ್ಲಿ ಹುಟ್ಟಿಕೊಳ್ಳುವ ಶ್ರೀಕರ್‌ಗಳು ಕಿರುಚುತ್ತವೆಯೇ ಹೊರತು ವಾರ್ಡನ್‌ನನ್ನು ಕರೆಯಲಾರವು.

ಜಲ್ಲಿಕಲ್ಲಿಗೂ ಗುದ್ದಲಿಗೂ ಒಂದು ಹಳೆಯ ಸಂಬಂಧವಿದೆ. ಎರಡು ಜಲ್ಲಿ, ಎರಡು ಮಣ್ಣನ್ನು ಅಡ್ಡಡ್ಡವಾಗಿ ಜೋಡಿಸಿದರೆ ನಾಲ್ಕು ಗರಸು ಮಣ್ಣಿನ ಬ್ಲಾಕ್ ಆಗುತ್ತದೆ. ಅದನ್ನು ನೆಲಕ್ಕಿಟ್ಟು ಗುದ್ದಲಿ ತಾಗಿಸಿದರೆ ಸಾಮಾನ್ಯ ಮಣ್ಣಾಗಿ ಬದಲಾಗುತ್ತದೆ. ಎರಡು ಮಣ್ಣು ನಾಲ್ಕಾಯಿತು. ಆಕಾಶದಲ್ಲಿ ತೇಲುವ ದ್ವೀಪದಂಥ ಲೋಕಗಳಲ್ಲಿ, ಮಣ್ಣು ಚಿನ್ನಕ್ಕಿಂತ ದುಬಾರಿಯಾದ ಕಡೆ, ಇದರಷ್ಟು ಉಪಕಾರಿಯಾದ ಉಪಾಯ ಇನ್ನೊಂದಿಲ್ಲ. ಸವೆಯುವ ಗುದ್ದಲಿ ಇಲ್ಲಿ ಕಲ್ಲಿನದಾದರೂ ನಡೆಯುತ್ತದೆ.

ತಿಪ್ಪೆಗೆ ಹೋಗುವುದು, ತಿಪ್ಪೆಯಿಂದ ಬರುವುದು

ಏಳು ಮರದ ಚಪ್ಪಡಿಗಳಿಂದ ಆಗುವ ಕಂಪೋಸ್ಟರ್ ನಮ್ಮ ತಿಪ್ಪೆಗುಂಡಿಯೇ. ಏಳು ಪದರ ತುಂಬಿದರೆ ಒಂದು ಬೋನ್‌ಮೀಲ್, ಅಂದರೆ ಗಿಡ ಬೆಳೆಸುವ ಗೊಬ್ಬರದ ಪುಡಿ, ಕೊಡುತ್ತದೆ. ಹಾಕಿದ ಪ್ರತಿಯೊಂದು ವಸ್ತುವೂ ಪದರ ಏರಿಸುವುದಿಲ್ಲ: ಬೀಜ, ಎಲೆ, ಸಸಿಗಳಿಗೆ 30% ಸಾಧ್ಯತೆ, ಕಬ್ಬು ಮತ್ತು ಕಳ್ಳಿಗೆ 50%, ಕ್ಯಾರೆಟ್, ಆಲೂಗಡ್ಡೆ, ಪಾಚಿಯ ಬ್ಲಾಕ್‌ಗಳಿಗೆ 65%, ಬ್ರೆಡ್ಡಿಗೆ 85%. ಗೋಧಿ ಬೀಜವಾದರೆ ಸರಾಸರಿ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಬೀಜಕ್ಕೆ ಒಂದು ಬೋನ್‌ಮೀಲ್ ಎಂದು ಲೆಕ್ಕ ಹಿಡಿಯಬಹುದು. ಮೇಲೆ ಒಂದು ಹಾಪರ್, ಕೆಳಗೆ ಒಂದು ಹಾಪರ್, ಅದರ ಪಕ್ಕ ಒಂದು ಪೆಟ್ಟಿಗೆ ಇಟ್ಟು ಬೀಜಗಳನ್ನೆಲ್ಲ ಸುರಿದರೆ ನಿಮ್ಮ ಕೈ ಬೇಕಾಗುವುದಿಲ್ಲ. ಹಿಂದೆ ತಾಮ್ರದ ಉಪಕರಣಗಳಿಂದ ಉಳಿಸಿದ ಹನ್ನೊಂದು ಗಟ್ಟಿ ಕಬ್ಬಿಣ ಇಲ್ಲಿಗೆ ಸರಿಯಾಗಿ ಬಂತು.

ಬೀಜದಿಂದ ಬರುವ ಬೋನ್‌ಮೀಲ್ ಸಣ್ಣ ಆದಾಯ. ನಿಜವಾದ ಬೆಳೆ ಪಾಚಿಯದು. ಹಸಿರು ತುಂಬಿದ ಲಷ್ ಗುಹೆಗಳಿಂದ ಪಾಚಿಯ ಒಂದು ಬ್ಲಾಕ್ ತನ್ನಿ. ಅಲೆಮಾರಿ ವ್ಯಾಪಾರಿಯ ಹತ್ತಿರವೂ ಅದು ಸಿಗುವುದುಂಟು. ಗುಹೆಯ ಸಮತಟ್ಟಾದ ಕಲ್ಲಿನ ನೆಲದ ನಡುವೆ ಅದನ್ನು ಇಟ್ಟು ಒಂದು ಬೋನ್‌ಮೀಲ್ ಹಾಕಿದರೆ ಸುತ್ತಲಿನ ಕಲ್ಲೆಲ್ಲ ಪಾಚಿಯಾಗಿ, ಮೇಲೆ ಹುಲ್ಲು, ಪಾಚಿಯ ಹಾಸು, ಅಜೇಲಿಯಾ ಗಿಡಗಳು ಏಳುತ್ತವೆ. ಗುದ್ದಲಿ ಹಿಡಿದು ಇವನ್ನೆಲ್ಲ ಕ್ಷಣದಲ್ಲಿ ಕೆರೆದು ಕಂಪೋಸ್ಟರ್‌ಗೆ ಹಾಕಿ. ಪಾಚಿಯ ಸುಮಾರು ಹತ್ತು ಬ್ಲಾಕಿಗೆ ಒಂದು ಬೋನ್‌ಮೀಲ್ ಹುಟ್ಟುವುದರಿಂದ, ಹಾಕಿದ ಒಂದಕ್ಕೆ ಒಂದಕ್ಕಿಂತ ಹೆಚ್ಚು ಮರಳಿ ಬರುತ್ತದೆ, ಗೊಬ್ಬರವೇ ಗೊಬ್ಬರವನ್ನು ಬೆಳೆಯುತ್ತ ಹೋಗುತ್ತದೆ. ಒಂದೇ ಎಚ್ಚರಿಕೆ: ಪ್ರತಿ ಬಾರಿಯೂ ಪಾಚಿಯ ಒಂದೆರಡು ಬ್ಲಾಕ್‌ಗಳನ್ನು ಬಿತ್ತನೆಗೆಂದು ಉಳಿಸಿಕೊಳ್ಳಬೇಕು, ಮತ್ತು ಅಗೆದ ನೆಲ ಒಂದು ಪದರ ಕೆಳಗಿಳಿಯುವುದರಿಂದ ಮುಂದಿನ ಸುತ್ತನ್ನು ಆ ಕೆಳಗಿನ ಕಲ್ಲಿನ ಮೇಲೆ ಮಾಡಬೇಕು. ಪಾಚಿ ಬರುವುದು ನೈಸರ್ಗಿಕ ಕಲ್ಲಿನ ಮೇಲೆ. ಪಿಕಾಸಿಯಿಂದ ಒಡೆದು ಬಂದ ಕಾಬಲ್‌ಸ್ಟೋನ್ ಹಾಸಿ ಕಾದರೆ ಏನೂ ಆಗುವುದಿಲ್ಲ.

ಚಿನ್ನ, ಹರಳು, ಕುಂಚ

ಚಿನ್ನದ ಉಪಕರಣಗಳು ಎಲ್ಲಕ್ಕಿಂತ ವೇಗವಾದವು, ಆದರೆ 32 ಬಾರಿಗೆ ಮುಗಿಯುತ್ತವೆ, ಚಿನ್ನದ ಪಿಕಾಸಿ ಮರದ ಪಿಕಾಸಿ ತೆಗೆಯುವುದನ್ನಷ್ಟೇ ತೆಗೆಯುತ್ತದೆ. ಅದನ್ನು ಉಪಕರಣವಾಗಿ ಸಮರ್ಥಿಸುವ ಹಠ ನನಗಿಲ್ಲ. ಚಿನ್ನವನ್ನು ಹಣವಾಗಿ ಬಳಸಬೇಕು. ನೆದರ್‌ಗೆ ಹೋಗುವಾಗ ಚಿನ್ನದ ಒಂದು ಜೊತೆ ಬೂಟು ತೊಟ್ಟರೆ ಅಲ್ಲಿನ ಹಂದಿಮುಖದ ಪಿಗ್ಲಿನ್‌ಗಳು ಮೇಲೆ ಬೀಳುವುದಿಲ್ಲ, ಅವುಗಳ ಮುಂದೆ ಗಟ್ಟಿ ಎಸೆದರೆ ಎಂಡರ್ ಪರ್ಲ್, ಅಬ್ಸಿಡಿಯನ್, ನೂಲು, ಕ್ವಾರ್ಟ್ಸ್, ಬೆಂಕಿ ತಡೆಯುವ ಮದ್ದು ಇವುಗಳಲ್ಲಿ ಯಾವುದಾದರೂ ಒಂದನ್ನು ಕೊಡುತ್ತವೆ. ಅವುಗಳ ಕಣ್ಣೆದುರು ಪೆಟ್ಟಿಗೆ ತೆರೆಯುವುದಾಗಲಿ ಚಿನ್ನದ ಅದಿರು ಅಗೆಯುವುದಾಗಲಿ ಮಾಡಿದರೆ ಬೂಟು ತೊಟ್ಟರೂ ಪ್ರಯೋಜನವಿಲ್ಲ.

ಅಮೆಥಿಸ್ಟ್ ಹರಳಿನ ನಾಲ್ಕು ಚೂರು ಮತ್ತು ಒಂದು ಗಾಜಿನಿಂದ ಎರಡು ಕಪ್ಪುಗಾಜು ಆಗುತ್ತವೆ. ಇದರ ಮೂಲಕ ನೋಡಬಹುದು, ಬೆಳಕು ಮಾತ್ರ ದಾಟುವುದಿಲ್ಲ. ಕತ್ತಲೆ ಬೇಕಾದ ಜೀವಿಗಳ ಕೋಣೆಗೆ ಕಿಟಕಿಯಾಗಿ ಇದಕ್ಕಿಂತ ಒಳ್ಳೆಯದಿಲ್ಲ, ಒಡೆದರೂ ನಷ್ಟವಾಗದೆ ಕೈಗೆ ಬರುತ್ತದೆ. ಒಂದು ಚೂರಿಗೆ ಎರಡು ತಾಮ್ರದ ಗಟ್ಟಿ ಸೇರಿಸಿದರೆ ದುರ್ಬೀನು.

ಗರಿ, ತಾಮ್ರದ ಗಟ್ಟಿ, ಕೋಲು ಸೇರಿದ ಕುಂಚವನ್ನು ಪುರಾತತ್ವದ ಆಸಕ್ತಿ ಇದ್ದವರು ಮಾತ್ರ ಮಾಡಿಕೊಳ್ಳುತ್ತಾರೆ. ಆದರೆ ಸವನ್ನಾದಲ್ಲಿ ಸಿಗುವ ಆರ್ಮಡಿಲೋ ಬೆನ್ನಿಗೆ ಇದನ್ನು ತಾಗಿಸಿದರೆ ಒಂದು ಚಿಪ್ಪು ಬೀಳುತ್ತದೆ, ಆರು ಚಿಪ್ಪುಗಳಿಂದ ಸಾಕಿದ ತೋಳಕ್ಕೆ ಕವಚವಾಗುತ್ತದೆ. ನಾಯಿಯನ್ನು ಕಟ್ಟಿಕೊಂಡು ಗುಹೆಗಿಳಿಯುವವರಿಗೆ ಇದು ಮುಖ್ಯ.

ಉಳಿದದ್ದು ಸಂತೆಗೆ

ಇಷ್ಟಾದ ಮೇಲೂ ಉಳಿಯುವ ಕಲ್ಲು, ಮಾಂಸ, ಕೋಲುಗಳನ್ನು ಹಳ್ಳಿಗರಿಗೆ ಮಾರಬಹುದು. ಕೆಲಸವಿಲ್ಲದ ಹಳ್ಳಿಗನ ಬಳಿ ಬ್ರೂಯಿಂಗ್ ಸ್ಟ್ಯಾಂಡ್ ಇಟ್ಟರೆ ಅವನು ಕ್ಲೆರಿಕ್ ಆಗುತ್ತಾನೆ, 32 ಕೊಳೆತ ಮಾಂಸಕ್ಕೆ ಒಂದು ಪಚ್ಚೆ (ಹಳ್ಳಿಗರ ನಾಣ್ಯ) ಕೊಡುತ್ತಾನೆ. ಬಾಣ ಕಟ್ಟುವ ಫ್ಲೆಚಿಂಗ್ ಮೇಜಿನ ಮೇಲೆ ನಾವು ಏನೂ ತಯಾರಿಸಲಾರೆವು, ಆಟದಲ್ಲಿ ಅದರಷ್ಟು ವ್ಯರ್ಥವಾದ ಮೇಜು ಬೇರೆ ಇಲ್ಲ. ಆದರೆ ಅದನ್ನು ಹಳ್ಳಿಗನ ಮುಂದಿಟ್ಟರೆ ಅವನು ಫ್ಲೆಚರ್ ಆಗಿ 32 ಕೋಲಿಗೆ ಒಂದು ಪಚ್ಚೆ ಎಣಿಸುತ್ತಾನೆ. ಆಗಲೇ ಮಾಡಿಟ್ಟ ಸ್ಟೋನ್‌ಕಟರ್ ಮೇಸ್ತ್ರಿಯ ಕೆಲಸದ ಕಟ್ಟೆಯೂ ಹೌದು. ಮೇಸ್ತ್ರಿಯ ಜೊತೆ ಜೇಡಿಮಣ್ಣು, ಕಲ್ಲುಗಳ ವ್ಯಾಪಾರ ಮಾಡುತ್ತ ಅವನನ್ನು ಮೂರನೆಯ ದರ್ಜೆಗೆ ಏರಿಸಿದರೆ ಎಲ್ಲರೂ ಬೈಯುವ ಗ್ರಾನೈಟ್, ಡಯೊರೈಟ್, ಆಂಡಿಸೈಟ್‌ಗಳನ್ನು ಹದಿನಾರಕ್ಕೆ ಒಂದು ಪಚ್ಚೆಯಂತೆ ಕೊಳ್ಳಲು ಶುರುಮಾಡುತ್ತಾನೆ. ಬಂದ ಪಚ್ಚೆಯನ್ನು ನೇರವಾಗಿ ಲೈಬ್ರರಿಯನ್ ಬಳಿ ಮೆಂಡಿಂಗ್ ಪುಸ್ತಕಕ್ಕೆ ಹಾಕಿ. ಗುದ್ದಲಿಗೆ ಬೇಕೆಂದು ಮೇಲೆ ಹೇಳಿದ ಮಂತ್ರ ಹೀಗೆ ಡಯೊರೈಟ್ ಮಾರಿದ ದುಡ್ಡಿನಲ್ಲೇ ಬರುತ್ತದೆ.

ಒಂದು ವಸ್ತುವಿಗೆ ಮಾತ್ರ ನನ್ನ ಬಳಿ ಉಪಾಯವಿಲ್ಲ: ಆಲೂಗಡ್ಡೆ ಕೊಯ್ಲಿನಲ್ಲಿ 2% ಸಾಧ್ಯತೆಯಲ್ಲಿ ಬರುವ ವಿಷದ ಆಲೂಗಡ್ಡೆ. ಅದನ್ನು ನೆಡಲಾಗದು, ಬೇಯಿಸಲಾಗದು, ಕೊಳ್ಳುವವರಿಲ್ಲ, ತಿಪ್ಪೆಯೂ ಅದನ್ನು ಒಪ್ಪುವುದಿಲ್ಲ. ಆಟದ ತಯಾರಕರೇ 2024ರ ಏಪ್ರಿಲ್ ಮೂರ್ಖರ ದಿನಕ್ಕೆ ಈ ಆಲೂಗಡ್ಡೆಯ ಹೆಸರಿನಲ್ಲೇ ಒಂದು ಇಡೀ ತಮಾಷೆಯ ಆವೃತ್ತಿ ಹೊರಡಿಸಿದ್ದರು. ಮರುದಿನದ ನಿಜವಾದ ಆಟದಲ್ಲಿ ಅದು ಎಂದಿನಂತೆ ನಿಷ್ಪ್ರಯೋಜಕವಾಗಿಯೇ ಉಳಿದಿತ್ತು. ಗೋಲೆಮ್ ಇದನ್ನು ಹೊತ್ತು ಖಾಲಿ ಪೆಟ್ಟಿಗೆಗಳನ್ನು ಹಾಳುಮಾಡುವ ಮೊದಲು, ಇದಕ್ಕೂ ಒಂದು ಪೆಟ್ಟಿಗೆಯಲ್ಲಿ ಮಾದರಿ ಇಟ್ಟುಬಿಡಿ.